ಕೆಮ್ಮಣ್ಣಿನ ಕೆನ್ನೆ

ಜನವರಿ 13, ಸೋಮವಾರ

ಕಾರ್ ಲಿಫ್ಟ್, ಅಂದರೆ ಬಾಡಿಗೆ ಹಂಚಿಕೊಂಡು ಹೋಗುವ ಗಾಡಿ, ಇವತ್ತೂ ತಡ. ಮನೆ ಅಲ್ ನಹ್ದಾದಲ್ಲಿ, ಆಫೀಸು ರೀಮ್ ಐಲ್ಯಾಂಡಿನಲ್ಲಿ. ದುಬೈಯಿಂದ ಅಬುಧಾಬಿಗೆ ದಿನಾ ಹೋಗಿ ಬರುವ ಹುಚ್ಚರು ಗಾಡಿ ತುಂಬ ಇದ್ದೇವೆ. ಮುಂದಿನ ಸೀಟು ಸಿಗಲಿಲ್ಲ. ಹಿಂದೆ ಕುಳಿತು ನಿದ್ದೆ. ಬಾಯಿ ತೆರೆದುಕೊಂಡೇ ಇರಬೇಕು, ಇಳಿಯುವಾಗ ಪಕ್ಕದವಳು ನಕ್ಕಳು.

ಪ್ಯಾರಿಸ್‌ನಿಂದ ಪೆಟ್ಟಿಗೆ ಬಂದಿದೆ. ನಮ್ಮ ಖಾಸಗಿ ಮ್ಯೂಸಿಯಂನ ಮಾಲೀಕರು ಹೊಸದಾಗಿ ಕೊಂಡ ಚಿತ್ರ. ಫ್ರಾನ್ಸಿನದು, ಹದಿನೆಂಟನೇ ಶತಮಾನ, ಚಾಕ್ ಡ್ರಾಯಿಂಗ್. ಪೆಟ್ಟಿಗೆಯನ್ನು ಕೂಡಲೇ ತೆರೆಯುವಂತಿಲ್ಲ, ಇಲ್ಲಿನ ಗಾಳಿಗೆ ಹೊಂದಿಕೊಳ್ಳುವವರೆಗೆ ಹಾಗೇ ಕೂರಬೇಕು. ನನಗೆ ಈ ಸವಲತ್ತು ಯಾರೂ ಕೊಟ್ಟಿರಲಿಲ್ಲ. ಮದುವೆಯಾಗಿ ಬಂದು ಇಳಿದ ಮರುದಿನವೇ ಗಂಡ ರವೂಫ್‌ರ ಇಡೀ ಆಫೀಸಿಗೆ ಬಿರಿಯಾನಿ ಬೇಯಿಸಿದ್ದೆ.

ಸಂಜೆ ತವರಿಗೆ, ಫರಂಗಿಪೇಟೆಗೆ, ಫೋನ್. ಉಮ್ಮನದು ಎಂದಿನ ಪ್ರಶ್ನೆ, "ಕಾಗದ ಕಾಯುವುದಕ್ಕೂ ಸಂಬಳ ಕೊಡ್ತಾರಾ?" ಆಮೇಲೆ ತಮ್ಮ ಜಂಶೀರನ ಮದುವೆಯ ವಿಷಯ. ಈ ಸಲ ಹುಡುಗಿ ಬಿ.ಸಿ.ರೋಡಿನವಳು. ಉಮ್ಮ ಮಾತಾಡುವುದು ಬ್ಯಾರಿಯಲ್ಲಿ, ನಾನು ಬರೆಯುವುದು ಕನ್ನಡದಲ್ಲಿ. ಬೈಗುಳ ಮಾತ್ರ ಕನ್ನಡಕ್ಕೆ ಬರುವುದಿಲ್ಲ.

ಜನವರಿ 15, ಬುಧವಾರ

ಪೆಟ್ಟಿಗೆ ತೆರೆದೆವು. ನಾನು ಮತ್ತು ಸ್ಟೇಸಿ. ಅವಳು ಹಳೆಯ ಕಾಗದ ರಿಪೇರಿ ಮಾಡುವವಳು, ಮಂಗಳೂರಿನ ಬಿಜೈಯವಳು. ಆಫೀಸಿನಲ್ಲಿ ನನ್ನೊಡನೆ ಕನ್ನಡ ಮಾತಾಡುವ ಒಂದೇ ಜೀವ. ನನ್ನ ಕೆಲಸ ಬಂದದ್ದನ್ನು ಪರೀಕ್ಷಿಸಿ ದಾಖಲು ಮಾಡುವುದು, ಗೋಡೆಗೆ ಹಾಕುವ ವಿವರ ಬರೆಯುವುದು.

"ಸೀನುದು ಬಂದ್ರೆ ಹೊರಗೆ ಹೋಗು ಮಾರಾಯ್ತಿ," ಅಂದಳು ಸ್ಟೇಸಿ. "ಇದು ಅಂಟಿಕೊಂಡ ಬಣ್ಣ ಅಲ್ಲ. ಬರೇ ಪುಡಿ, ಕಾಗದದ ಮೇಲೆ ಕೂತದ್ದು ಅಷ್ಟೆ."

ಚಿಕ್ಕ ಕಾಗದ. ದಿಂಬಿನ ಮೇಲೆ ಒಬ್ಬ ಹೆಂಗಸಿನ ತಲೆ. ಕಣ್ಣು ಮುಚ್ಚಿದೆ. ಕೂದಲು, ದಿಂಬು ಕಪ್ಪು ಚಾಕಿನಲ್ಲಿ. ಮುಖ ಪೂರ್ತಿ ಕೆಂಪು. ಹಣೆಯ ಮೇಲೆ ಒಂದೆರಡು ಕಡೆ ಬಿಳಿ. ಕೆನ್ನೆ ನೋಡಿದರೆ ಮುಟ್ಟಬೇಕು ಅನಿಸುತ್ತದೆ, ಬಿಸಿ ಇರುತ್ತದೆ ಅನಿಸುತ್ತದೆ. ಹೆಸರು 'ನಿದ್ರಿಸುತ್ತಿರುವ ಯುವತಿ'. ಕೆಳಗೆ ತಾರೀಖು, 1768ರ ಏಪ್ರಿಲ್.

ಚಾಕ್ ಅಂದರೆ ಶಾಲೆಯ ಬಳಪವಲ್ಲ. ಗಣಿಯಿಂದ ತೆಗೆದ ಮಣ್ಣುಗಲ್ಲು, ಕಡ್ಡಿಯಂತೆ ಕೊಯ್ದದ್ದು. ಕೆಂಪಿನಲ್ಲಿರುವುದು ಕಬ್ಬಿಣದ ಅಂಶ. ಅಂದರೆ ನಮ್ಮ ಕೆಮ್ಮಣ್ಣು. ನನ್ನ ತಂದೆ, ಉಪ್ಪ, ಹೆಂಚಿನ ಕಾರ್ಖಾನೆಯಿಂದ ಬರುವಾಗ ಅಂಗಿಯ ತುಂಬ ಇರುತ್ತಿದ್ದದ್ದೂ ಅದೇ. ಉಮ್ಮ ಒಗೆದು ಒಗೆದು ಸಾಕಾಗಿ ಶಪಿಸುತ್ತಿದ್ದಳು. ಇಲ್ಲಿ ಅದಕ್ಕೆ ವಿಮೆ, ಕಾವಲು, ಕ್ಯಾಮೆರಾ.

ಕಲಾವಿದನ ಫೈಲ್ ನಮ್ಮ ವಿಭಾಗದ ಮೇಡಂ ಕೊಟ್ಟಿದ್ದಾರೆ, ಮನೆಗೆ ತಂದು ಓದಿದೆ. ಹೆಸರು ಲುಬಿನ್ ಗಾರ್ಸೆಲ್. ಯಾರಿಗೂ ಹೆಚ್ಚು ಗೊತ್ತಿಲ್ಲದವನು. ಅಪ್ಪ ಹಳ್ಳಿಯಲ್ಲಿ ಮಾಡಿಗೆ ಹೆಂಚು ಹೊದಿಸುತ್ತಿದ್ದ — ಇದನ್ನು ಓದಿ ಖುಷಿಯಾಯಿತು, ಯಾಕೋ. ಮಗ ಒಡೆದ ಹೆಂಚಿನ ಚೂರಿನಿಂದ ಚರ್ಚಿನ ಗೋಡೆಗೆ ಗೀಚುತ್ತಿದ್ದ. ಪಾದ್ರಿ ಹೊಡೆಯುವ ಬದಲು ಪ್ಯಾರಿಸ್‌ಗೆ ಕಳಿಸಿದ. ಅಲ್ಲಿ ದೊಡ್ಡವರ ಸಾಲಿಗೆ ಯಾರೂ ಸೇರಿಸಿಕೊಳ್ಳಲಿಲ್ಲ. ಬೀದಿ ಬದಿ ಕೂತು ಮುಖ ಬರೆದು ಹೊಟ್ಟೆ ಹೊರೆದ. ಹೆಂಡತಿ ಮದ್ಲೆನ್, ಅದೇ ಹಳ್ಳಿಯವಳು. ಈ ಚಿತ್ರ ಅವಳದ್ದೇ. ಬರೆದು ಹಳ್ಳಿಯಲ್ಲಿದ್ದ ಅವಳ ತಾಯಿಗೆ ಕಳಿಸಿದ್ದ. ಅದೇ ತಿಂಗಳ ಕೊನೆಗೆ ಮದ್ಲೆನ್ ತೀರಿಕೊಂಡಳು. ಹಠಾತ್ ಮರಣ ಇರಬೇಕು ಎಂದು ಫೈಲಿನಲ್ಲಿದೆ.

ಇನ್ನೊಂದು ಸಂಗತಿ. ಅದೇ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅತ್ತೆ ಪ್ಯಾರಿಸ್‌ಗೆ ಬಂದಳು. ಪೇರ್ ಹಣ್ಣಿನ ಬುಟ್ಟಿ ಹಿಡಿದುಕೊಂಡು. ಬೀದಿಯಲ್ಲಿ ಎಲ್ಲರೆದುರು ಅಳಿಯನ ಕೆನ್ನೆಗೆ ಬಾರಿಸಿದಳು. ಪೊಲೀಸರವರೆಗೆ ಹೋಯಿತು. ವರದಕ್ಷಿಣೆಯ ತಕರಾರು ಇರಬೇಕು ಎಂದು ವಿದ್ವಾಂಸರ ಊಹೆ. ಸ್ಟೇಸಿಗೆ ಫೋನಿನಲ್ಲಿ ಓದಿ ಹೇಳಿದೆ. ಇಬ್ಬರೂ ನಕ್ಕದ್ದೇ ನಕ್ಕದ್ದು. ಪಾಪ, ಹಣ್ಣು ಬೀದಿಪಾಲು.

ಜನವರಿ 18, ಶನಿವಾರ

ಜಂಶೀರ್ ಊಟಕ್ಕೆ ಬಂದಿದ್ದ, ಅಬುಧಾಬಿ ಬಳಿಯ ಬನಿಯಾಸ್‌ನಿಂದ. ಅಲ್ಲಿ ಟೈರ್ ಅಂಗಡಿಯಲ್ಲಿ ಸೇಲ್ಸ್. ಅಕ್ಕಿಯ ಪತ್ತಿರ್ ಮತ್ತು ಕೋಳಿ ಸಾರು ಮಾಡಿದ್ದೆ. ತಮ್ಮನಿಗೆ ಬಡಿಸುವಾಗ ಪಾತ್ರೆಯ ತಳ ಕಾಣುವುದು ಬೇಗ.

"ಏನು ಮ್ಯೂಸಿಯಂ ಮೇಡಂ, ಹೊಸ ಕಾಗದ ಬಂತಂತೆ?" ಅಂದ. ಫೋನಿನಲ್ಲಿ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿದ. "ಇಂಥದ್ದೇ ಹುಡುಕ್ಲಿಕ್ಕೆ ಹೇಳು ಉಮ್ಮನಿಗೆ. ಗೊರಕೆ ಇಲ್ಲದ್ದು."

ತಲೆನೋವು ಅಂತ ಸ್ವಲ್ಪ ಮಲಗಿದ. ಬಿ.ಪಿ. ಮಾತ್ರೆ ನಿಲ್ಲಿಸಿದ್ದಾನೆ! ಕೇಳಿದರೆ, "ಮುದುಕರ ಮಾತ್ರೆ ಅದು, ಯಾರಾದ್ರೂ ನೋಡಿದ್ರೆ ಹೆಣ್ಣು ಕೊಡ್ತಾರಾ?" ಅಂತ. ಬೈದೆ. ನಕ್ಕ. ಹೋಗುವಾಗ ನನ್ನ ಮಗಳು ಶಿಫಾನಾಳನ್ನು ಲಿಫ್ಟಿನವರೆಗೆ ಹೆಗಲ ಮೇಲೆ ಹೊತ್ತುಕೊಂಡು ಹೋದ.

ಜನವರಿ 23, ಗುರುವಾರ

ಬರೆಯಲು ಆಗಿರಲಿಲ್ಲ.

ಸೋಮವಾರ ಜಂಶೀರ್ ಅಂಗಡಿಯಲ್ಲೇ ಬಿದ್ದ. ತಲೆಯೊಳಗೆ ರಕ್ತಸ್ರಾವ. ಅಬುಧಾಬಿಯ ಆಸ್ಪತ್ರೆಯಲ್ಲಿದ್ದಾನೆ, ಐಸಿಯು. ಆಪರೇಷನ್ ಆಗಿದೆ. ಎಚ್ಚರ ಇಲ್ಲ. ಬಾಯಿಯೊಳಗೆ ನಳಿಗೆ. ತಲೆ ಬೋಳಿಸಿದ್ದಾರೆ. ಮುಖ ಊದಿ ಅವನದ್ದೇ ಅಲ್ಲ ಅನ್ನುವ ಹಾಗಿದೆ. ಮಶೀನಿನ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಉಮ್ಮನಿಗೆ ಹೇಳಿಲ್ಲ.

ಹೇಳಬಾರದು ಎಂದು ಮಂಗಳವಾರವೇ ತೀರ್ಮಾನವಾಗಿತ್ತು. ರವೂಫ್, ಊರಿನಲ್ಲಿ ಉಮ್ಮನ ಜೊತೆಗಿರುವ ನನ್ನ ಇನ್ನೊಬ್ಬ ತಮ್ಮ ಸವಾದ್, ನಮ್ಮ ಜಮಾತಿನ ಇಬ್ಬರು ಹಿರಿಯರು. ಉಮ್ಮನ ಎದೆಯಲ್ಲಿ ಸ್ಟೆಂಟ್ ಇದೆ. ಒಂದೇ ಸಲ ಹೇಳಿದರೆ ಇನ್ನೊಂದು ಮಯ್ಯತ್ತು ಹೊರಬೇಕಾದೀತು ಅಂದರು. ಕಾರು ತಾಗಿ ಕಾಲು ಮುರಿದಿದೆ, ವಾರ್ಡಿನಲ್ಲಿ ಫೋನ್ ಬಿಡುವುದಿಲ್ಲ — ಇದು ಕಥೆ. ನಮ್ಮವರಿಗೆ ಇದೆಲ್ಲ ಅಭ್ಯಾಸ. ಇಲ್ಲಿಂದ ಊರಿಗೆ ಕೆಟ್ಟ ಸುದ್ದಿ ಯಾವತ್ತೂ ಇಡಿಯಾಗಿ ಹೋಗುವುದಿಲ್ಲ, ತುಂಡು ತುಂಡಾಗಿ ಹೋಗುತ್ತದೆ. ಮೊದಲು 'ಸ್ವಲ್ಪ ಹುಷಾರಿಲ್ಲ'. ಆಮೇಲೆ 'ಅಡ್ಮಿಟ್'. ಆಮೇಲೆ 'ಸೀರಿಯಸ್, ದುಆ ಮಾಡಿ'. ಅಷ್ಟು ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿರುತ್ತದೆ.

ಹೇಳುವ ಕೆಲಸ ನನಗೆ ಬಂತು. ಹೇಳಿದೆ. ಸಲೀಸಾಗಿ ಬಂತು ಸುಳ್ಳು. ಯಾವ ಕಾಲು ಎಂದು ಉಮ್ಮ ಕೇಳಿದಾಗ ಮಾತ್ರ ತಡವರಿಸಿದೆ.

ಜನವರಿ 28, ಮಂಗಳವಾರ

ಬದಲಾವಣೆ ಇಲ್ಲ. ಡಾಕ್ಟರ್ ದಿನಾ ಅದನ್ನೇ ಹೇಳುತ್ತಾರೆ — "ವೇಟ್ ಅಂಡ್ ಸೀ."

ಉಮ್ಮನಿಗೆ ಸಂಶಯ ಬಂದಿದೆ. "ಕಾಲು ಮುರಿದವನಿಗೆ ಬಾಯಿ ಇಲ್ವಾ? ಒಂದು ಸಲ ವಿಡಿಯೊದಲ್ಲಿ ತೋರಿಸು." ನೆಟ್‌ವರ್ಕ್ ಅಂದೆ, ರೂಲ್ಸ್ ಅಂದೆ. ಅವಳು ಸವಾದ್‌ನ ಬೆನ್ನು ಹಿಡಿದು ವಿಸಿಟ್ ವೀಸಾಕ್ಕೆ ಪಾಸ್‌ಪೋರ್ಟ್ ಕೊಡಿಸಿದ್ದಾಳೆ. ಬರುತ್ತಾಳಂತೆ. ಈ ಹೆಂಗಸನ್ನು ತಡೆಯಲು ಯಾರಿಂದ ಆಗುತ್ತದೆ?

ಆಫೀಸಿಗೆ ಹೋಗುತ್ತಿದ್ದೇನೆ. ಆಸ್ಪತ್ರೆ ಹತ್ತಿರ, ಅದಕ್ಕೆ. ಸುರುಟಿದ ಚಾದರದಂತಾಗಿದ್ದೇನೆ, ಆದರೂ ವಿವರ ಬರೆದು ಕೊಡಬೇಕು. ಬರೆದೆ: 'ಗಂಡನ ಕಣ್ಣಿಗೆ ಕಂಡ ನೆಮ್ಮದಿಯ ನಿದ್ದೆ.' ಮೇಡಂಗೆ ತುಂಬ ಹಿಡಿಸಿತು.

ಫೆಬ್ರವರಿ 3, ಸೋಮವಾರ

ವೀಸಾ ಬಂತು. ಗುರುವಾರಕ್ಕೆ ಟಿಕೆಟ್ ಕೂಡ ಮಾಡಿಸಿದಳು ಉಮ್ಮ.

ರವೂಫ್ ತಲೆ ಹಿಡಿದುಕೊಂಡು ಕೂತರು. "ಅವಳು ಐಸಿಯು ಬಾಗಿಲಲ್ಲೇ ಬೀಳ್ತಾಳೆ ಸಫೀ. ಇವನನ್ನು ನೋಡುವುದಾ, ಅವಳನ್ನು ನೋಡುವುದಾ? ಒಂದು ಫೋಟೊ ಕಳಿಸು. ಮುಖ ನೋಡಿದ್ರೆ ಸಮಾಧಾನ ಆಗ್ತದೆ. ನಿಲ್ತಾಳೆ."

ಮೊನ್ನೆ ಗಂಟಲಲ್ಲಿ ತೂತು ಮಾಡಿ ಮಶೀನಿನ ನಳಿಗೆಯನ್ನು ಅಲ್ಲಿಗೆ ಹಾಕಿದ್ದಾರೆ. ಬಾಯಿ ಖಾಲಿ. ಊತ ಇಳಿದಿದೆ. ಇಳಿದದ್ದು ಜಾಸ್ತಿಯೇ ಆಗಿದೆ, ಕೆನ್ನೆ ಒಳಗೆ ಹೋಗಿದೆ, ಬಣ್ಣ ಬೂದಿ. ಮೂಗಿಗೆ ಊಟದ ನಳಿಗೆ ಅಂಟಿಸಿದ್ದು ಬಲಕ್ಕೆ. ನಾನು ಎಡಕ್ಕೆ ಹೋದೆ. ನರ್ಸ್ ನೋಡಿಯೂ ನೋಡದ ಹಾಗೆ ಮಾಡಿದಳು. ತೆಗೆದೆ.

ಮನೆಗೆ ಬಂದು ಫೋಟೊವನ್ನು ಮೇಲೆ ಹುಬ್ಬಿನವರೆಗೆ ಕತ್ತರಿಸಿದೆ, ಬೋಳು ತಲೆ ಕಾಣಬಾರದು. ಕೆಳಗೆ ಗಲ್ಲದವರೆಗೆ. ಬೆಳಕು ಹೆಚ್ಚಿಸಿದೆ. ಕೆಂಪು ಹೆಚ್ಚಿಸಿದೆ. ಫೋನಿನಲ್ಲಿ ಅದಕ್ಕೆ ಒಂದು ಗೆರೆ ಇದೆ, ಬೆರಳಲ್ಲಿ ಎಳೆದರೆ ಸಾಕು. ಎಳೆದೆ. ಸಾಲದು ಅನಿಸಿತು, ಇನ್ನೂ ಎಳೆದೆ. ಬೂದಿಯ ಮುಖಕ್ಕೆ ರಕ್ತ ಬಂತು. ಜಂಶೀರ್ ನಿದ್ದೆ ಮಾಡುತ್ತಿದ್ದ, ಬಿರಿಯಾನಿ ತಿಂದು ಮಧ್ಯಾಹ್ನ ಮಲಗುವ ಹಾಗೆ. ನನಗೇ ಒಂದು ಕ್ಷಣ ಸಂತೋಷವಾಯಿತು.

ಶಿಫಾನಾ ಹಿಂದಿನಿಂದ ಇಣುಕಿದಳು. "ಮಮ್ಮಾ, ವೈ ಈಸ್ ಮಾಮ ವೇರಿಂಗ್ ಮೇಕಪ್?" ಒಳಗೆ ಹೋಗು ಅಂತ ಗದರಿದೆ.

ಕಳಿಸಿದೆ. ಕೂಡಲೇ ಫೋನ್. ಉಮ್ಮ ಅಳುತ್ತಿದ್ದಳು, ಖುಷಿಗೆ. "ಅಲ್‌ಹಮ್ದುಲಿಲ್ಲಾಹ್... ನನ್ನ ಮಗ ಊರಿಗೆ ಬಂದಾಗಲೂ ಇಷ್ಟು ಬಣ್ಣ ಇರಲಿಲ್ಲ. ಚೆನ್ನಾಗಿ ನೋಡಿಕೊಂಡಿದ್ದೀರಿ. ಮಲಗಲಿ, ಎಬ್ಬಿಸಬೇಡಿ." ಆಮೇಲೆ ಅವಳೇ ಅಂದಳು, ಈಗ ಬಂದು ನಿಮಗೆ ಯಾಕೆ ತೊಂದರೆ, ರಂಜಾನಿನ ನೋಂಬು ಕಳೆದು ಪೆರ್ನಾಲ್ ಹಬ್ಬಕ್ಕೆ ಬರುತ್ತೇನೆ. ಟಿಕೆಟ್ ರದ್ದು.

ರವೂಫ್ ನಿಟ್ಟುಸಿರು ಬಿಟ್ಟರು. ಸವಾದ್ ಥಂಬ್ಸ್ ಅಪ್ ಕಳಿಸಿದ. ಎಲ್ಲರಿಗೂ ನಿರಾಳ. ನನಗೂ. ಉಮ್ಮನ ಎದೆಯ ಹೆಸರು ಹೇಳುತ್ತೇವೆ. ನಿಜವೆಂದರೆ ಐಸಿಯು ವರಾಂಡದಲ್ಲಿ ಅವಳ ಕೂಗು ಕೇಳುವ ಧೈರ್ಯ ನಮಗೆ ಇರಲಿಲ್ಲ.

ಫೆಬ್ರವರಿ 6, ಗುರುವಾರ

ಉಮ್ಮ ಬರಬೇಕಿದ್ದ ದಿನ.

ಸ್ಟೇಸಿ ಇವತ್ತು ಚಿತ್ರಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದಳು. ಪ್ರತಿ ಹೊಸ ಚಿತ್ರಕ್ಕೂ ಮಾಡುವುದೇ. ಆ ಬೆಳಕಿನಲ್ಲಿ ಕೆಂಪು ಚಾಕ್ ಕಾಣುವುದಿಲ್ಲ, ಗಾಜಿನ ಹಾಗೆ ಪಾರದರ್ಶಕ ಆಗಿಬಿಡುತ್ತದೆ. ಕಪ್ಪು ಮಾತ್ರ ಉಳಿಯುತ್ತದೆ. ನನಗೆ ಗೊತ್ತಿರಲಿಲ್ಲ. ಕಾಫಿ ಹಿಡಿದು ಸ್ಕ್ರೀನಿನ ಮುಂದೆ ನಿಂತಿದ್ದೆ, ಬರೇ ಕೂದಲು, ದಿಂಬು ಕಾಣುತ್ತದೆ ಅಂದುಕೊಂಡು.

ಮುಖ ಇತ್ತು. ಬೇರೆ ಮುಖ.

ಕೆಂಪಿನ ಅಡಿಯಲ್ಲಿ ಕಪ್ಪಿನಲ್ಲಿ ಮೊದಲೇ ಬರೆದದ್ದು. ಕೆನ್ನೆ ಗುಳಿ ಬಿದ್ದಿದೆ. ಕಣ್ಣಿನ ಕೆಳಗೆ ಹೊಂಡ. ಮೂಗು ಚೂಪಾಗಿದೆ. ಬಾಯಿ ತೆರೆದಿದೆ, ಉಸಿರಿಗಾಗಿ. ಇಷ್ಟು ದಿನ ದಿನಾ ಎರಡು ಹೊತ್ತು ನಾನು ನೋಡುತ್ತಿರುವ ಬಾಯಿ.

"ಜೀಸಸ್," ಅಂದಳು ಸ್ಟೇಸಿ. ಆಮೇಲೆ ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸಿದಳು. "ನೋಡು, ಇಲ್ಲೆಲ್ಲ ಒರೆಸಿದ್ದಾನೆ. ಬ್ರೆಡ್ಡಿನ ತಿರುಳಿನಲ್ಲಿ. ಆಗ ಅದೇ ರಬ್ಬರ್. ಸಾಯ್ತಾ ಇರುವವಳನ್ನು ಕಂಡ ಹಾಗೆ ಬರೆದಿದ್ದಾನೆ ಮೊದಲು. ಮತ್ತೆ ಒರೆಸಿ, ಬಾಯಿ ಮುಚ್ಚಿಸಿ, ಮೇಲಿಂದ ಕೆಂಪು. ಯಾಕೆ ಅಂತೆ?"

ಯಾಕೆ ಅಂತ ನನಗೆ ಗೊತ್ತಿತ್ತು. ಫೈಲಿನಲ್ಲಿ ಇದ್ದದ್ದೆಲ್ಲ ತಾನಾಗಿ ಜೋಡಿಸಿಕೊಂಡಿತು. ಚಿತ್ರ ಹೋದದ್ದು ಹಳ್ಳಿಗೆ, ಅವಳ ತಾಯಿಗೆ. ಮಗಳು ಚೆನ್ನಾಗಿದ್ದಾಳೆ, ನೋಡು, ಮಲಗಿದ್ದಾಳೆ — ಅಷ್ಟು ಹೇಳುವುದಕ್ಕೆ. ಮುದುಕಿ ನಂಬಿದಳು. ಅವಸರ ಏನು, ಹಣ್ಣು ಕೊಯ್ದ ಮೇಲೆ ಹೋದರಾಯಿತು ಅಂದುಕೊಂಡಳು. ಹಣ್ಣು ಮಗಳಿಗೆ ಅಂತಲೇ ತಂದದ್ದು. ಬಾಗಿಲು ತೆರೆದವನು ಅಳಿಯ ಒಬ್ಬನೇ, ಮಗಳು ತೀರಿಕೊಂಡು ತಿಂಗಳುಗಳೇ ಆಗಿದ್ದವು. ಕೆನ್ನೆಗೆ ಬಿದ್ದದ್ದು ಅದಕ್ಕೆ. ವರದಕ್ಷಿಣೆಯೂ ಇಲ್ಲ, ಮಣ್ಣೂ ಇಲ್ಲ.

ಹೇಳಿದೆ ಸ್ಟೇಸಿಗೆ. ಅವಳು ಮೇಡಂಗೆ ಹೇಳಿದಳು. ಮೇಡಂ ಕುಣಿದಾಡಿಬಿಟ್ಟರು. ದೊಡ್ಡ ಶೋಧವಂತೆ, ಪತ್ರಿಕೆಗೆ ಕೊಡಬೇಕಂತೆ, ಎರಡೂ ಮುಖ ಅಕ್ಕಪಕ್ಕ ತೂಗುಹಾಕಬೇಕಂತೆ. ಯಾರೋ ಚಪ್ಪಾಳೆ ತಟ್ಟಿದರು, ನನಗೇ.

ವಾಶ್‌ರೂಮಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಸ್ಟೇಸಿ ಹಿಂದೆಯೇ ಬಂದು ಬೆನ್ನು ಸವರಿದಳು. ಜಂಶೀರನ ಫೋಟೊ ತೋರಿಸಿದೆ, ಮೊದಲಿನದ್ದು, ಆಮೇಲಿನದ್ದು. ಅವಳು ಎಂತ ಹೇಳುತ್ತಾಳೆ? ಟಿಶ್ಯೂ ಕೊಟ್ಟಳು.

ಫೆಬ್ರವರಿ 7, ಶುಕ್ರವಾರ

ರವೂಫ್ ಜುಮಾ ಮುಗಿಸಿ ಬಂದರು. ಹೇಳಿದೆ, ಉಮ್ಮನಿಗೆ ನಿಜ ಹೇಳಿಬಿಡುತ್ತೇನೆ ಅಂತ. ಚಿತ್ರದ ಕಥೆಯನ್ನೂ ಹೇಳಿದೆ. ಹೇಳಬಾರದಿತ್ತು.

"ನಿನಗೆ ಹುಚ್ಚಾ? ಫ್ರೆಂಚಿನವನ ಚಿತ್ರಕ್ಕೂ ನನ್ನ ಅತ್ತೆಗೂ ಎಂತ ಸಂಬಂಧ? ಅವನು ಎದ್ರೆ? ಡಾಕ್ಟರ್ ಇಲ್ಲ ಅಂತ ಹೇಳ್ಲಿಲ್ಲ ಅಲ್ವಾ? ಎದ್ದ ಮೇಲೆ ಅವನೇ ಮಾತಾಡ್ಲಿ ಉಮ್ಮನ ಹತ್ರ. ಆಗ ನಿನ್ನ ಸುಳ್ಳು ಯಾರಿಗೂ ನೆನಪಿರ್ಲಿಕ್ಕಿಲ್ಲ."

"ಏಳದಿದ್ರೆ?"

ರವೂಫ್ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಕೆಂಪಾಗಿತ್ತು. ಕೆಟ್ಟ ಮನುಷ್ಯ ಅಲ್ಲ. ಜಂಶೀರನ ಉಗುರು ಕತ್ತರಿಸಿದವರು ಇವರೇ, ನನ್ನಿಂದ ಆಗಿರಲಿಲ್ಲ. ಅವನು ಎದ್ದೇ ಏಳುತ್ತಾನೆ ಅಂತ ಇವರು ನಿಜವಾಗಿ ನಂಬಿದ್ದಾರೆ. ನನಗೂ ನಂಬಬೇಕು ಅನಿಸಿತು. ಫೋನ್ ಮಾಡಲಿಲ್ಲ.

ಸಂಜೆ ಉಮ್ಮನೇ ಮಾಡಿದಳು. ಫೋಟೊವನ್ನು ಬಿ.ಸಿ.ರೋಡಿನ ಹುಡುಗಿಯ ಮನೆಯವರಿಗೆ ತೋರಿಸಿದ್ದಾಳಂತೆ. ಹುಡುಗ ಕೆಂಪಗೆ ಇದ್ದಾನೆ ಅಂದರಂತೆ.

ಫೆಬ್ರವರಿ 9, ಭಾನುವಾರ

ಡಾಕ್ಟರ್ ಕೂರಿಸಿ ಮಾತಾಡಿದರು. ಕೂರಿಸಿದಾಗಲೇ ಗೊತ್ತಾಯಿತು. ಮೆದುಳು ಯಾವುದಕ್ಕೂ ಸ್ಪಂದಿಸುತ್ತಿಲ್ಲ. ಈಗ ಕಿಡ್ನಿಯೂ ಹೋಗುತ್ತಿದೆ. ಊರಿನಿಂದ ಬರುವವರಿದ್ದರೆ ಬೇಗ ಬರಲಿ.

ರವೂಫ್ ಗೋಡೆಗೆ ಹಣೆ ಒತ್ತಿ ನಿಂತರು. ನಾನು ಪಾರ್ಕಿಂಗಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಫೋನ್ ಹಚ್ಚಿದೆ.

"ಉಮ್ಮ, ಕಾಲು ಮುರಿದದ್ದಲ್ಲ."

ಎಲ್ಲ ಹೇಳಿದೆ. ಒಂದೇ ಉಸಿರಿನಲ್ಲಿ, ಅವಳು ನಡುವೆ ಬಾಯಿ ಹಾಕದ ಹಾಗೆ. ಆಚೆ ಹಿತ್ತಲಲ್ಲಿ ಕೋಳಿ ಕೂಗುವುದು ಮಾತ್ರ ಕೇಳುತ್ತಿತ್ತು. ಬಿದ್ದೇಬಿಟ್ಟಳಾ ಅಂತ ಹೆದರಿ ಉಮ್ಮ, ಉಮ್ಮ ಅಂದೆ.

"ಆ ಫೋಟೊ?" ಅಂದಳು.

"ಅವನದ್ದೇ."

"ಮುಖದಲ್ಲಿ ಬಣ್ಣ ಇತ್ತಲ್ಲ."

"ನಾನು ಹಾಕಿದ್ದು."

ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ಗುರುವಾರ ಬಂದಿದ್ರೆ ಅವನ ಕೈ ಹಿಡ್ಕೊಳ್ತಿದ್ದೆ," ಅಂದಳು. ಮತ್ತೆ, "ಈಗ ಜೀವ ಉಂಟಲ್ಲ?"

"ಉಂಟು. ಬಾ."

"ನಾನು ಬರುವವರೆಗೆ ಅವನಿಗೆ ಹೇಳು, ಉಮ್ಮ ಹೊರಟಿದ್ದಾಳೆ ಅಂತ. ಕಿವಿಯಲ್ಲಿ ಹೇಳು. ಕೇಳ್ತದೆ ಅವನಿಗೆ."

ಅವಳ ಎದೆಗೆ ಏನೂ ಆಗಲಿಲ್ಲ. ನಾವು ಇಷ್ಟು ದಿನ ಹೆದರಿದ್ದು ಆ ಎದೆಗೆ.

ಫೆಬ್ರವರಿ 10, ಸೋಮವಾರ

ಇವತ್ತಿನ ಫ್ಲೈಟ್ ಫುಲ್. ನಾಳೆಗೆ ಸಿಕ್ಕಿದೆ. ಮಧ್ಯಾಹ್ನ ಊಟದ ಹೊತ್ತು ಕಳೆದು ಅಬುಧಾಬಿಯಲ್ಲಿ ಇಳಿಯುತ್ತಾಳೆ.

ಅವನ ಕಿವಿಯಲ್ಲಿ ಹೇಳಿದೆ. ಉಮ್ಮ ಹೊರಟಿದ್ದಾಳೆ ಕಣೋ. ಸ್ವಲ್ಪ ತಡಿ. ಒಂದು ದಿನ. ಮಾತ್ರೆ ನುಂಗದಿದ್ದಕ್ಕೆ ಬೈಯುವುದಿಲ್ಲ, ಏನೂ ಬೈಯುವುದಿಲ್ಲ, ತಡಿ.

ಕೆನ್ನೆ ಮುಟ್ಟಿದೆ. ತಣ್ಣಗಿತ್ತು, ಏಸಿಗೆ ಇರಬೇಕು.

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ

ಹೋದ. ನಸುಕಿನ ಸುಬಹಿಯ ಬಾಂಗ್ ಆದ ಮೇಲೆ. ಇನ್ನಾಲಿಲ್ಲಾಹಿ...

ಸವಾದ್‌ಗೆ ಫೋನ್ ಮಾಡಿದೆ. ಉಮ್ಮನನ್ನು ಕರೆದುಕೊಂಡು ಬಜ್ಪೆ ಏರ್‌ಪೋರ್ಟಿಗೆ ಹೊರಟಾಗಿತ್ತು. ಕಾರಿನಿಂದ ಇಳಿದು ದೂರ ಹೋಗಿ ಮಾತಾಡಿದ.

"ಈಗ ಹೇಳಿದ್ರೆ ಹತ್ತುದಿಲ್ಲ ಅವಳು. ಅಲ್ಲಿ ಬಂದ ಮೇಲೆ ನಿಧಾನ ಹೇಳಿ. ಸೀರಿಯಸ್ ಅಂತ ಇರ್ಲಿ ಈಗ."

"ಫೋನ್ ಅವಳಿಗೆ ಕೊಡು."

"ಒಬ್ಬಳೇ ವಿಮಾನದಲ್ಲಿ ಹೇಗೆ ಬರ್ತಾಳೆ ಹೇಳು?"

ಕಟ್ ಮಾಡಿದ. ಉಮ್ಮನ ಫೋನ್ ಸ್ವಿಚ್ ಆಫ್, ಅದೂ ಅವನದ್ದೇ ಕೆಲಸ. ಮತ್ತೆ ಅದೇ. ಒಮ್ಮೆ ಕಷ್ಟಪಟ್ಟು ಒರೆಸಿದ್ದರ ಮೇಲೆ ಮತ್ತೆ ಬಣ್ಣ.

11 ಗಂಟೆ

ಪೇಪರ್ ಕೆಲಸ ಎಲ್ಲ ಆಯಿತು. ಜಮಾತಿನವರು ಓಡಾಡಿ ಮುಗಿಸಿದರು. ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಬನಿಯಾಸ್ ಕಬರಸ್ತಾನದಲ್ಲಿ ದಫನ್.

ನಾಳೆ ಬೆಳಿಗ್ಗೆ ಮಾಡಿ ಅಂದೆ. ಉಮ್ಮ ಮುಖ ನೋಡಲಿ. ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, ಮೆಲ್ಲ ಹೇಳಿದರು, "ಮಯ್ಯತ್ತನ್ನು ಕಾಯಿಸಬಾರದು ಮಗಳೇ. ಅದು ನಾವು ಅವನಿಗೆ ಮಾಡುವ ಅನ್ಯಾಯ. ವಿಮಾನ ಅಸರಿಗೆ ಮೊದಲೇ ಬರ್ತದಲ್ಲ, ಏರ್‌ಪೋರ್ಟಿನಿಂದ ಸೀದಾ ಕರ್ಕೊಂಡು ಬಂದ್ರಾಯ್ತು. ನೋಡ್ತಾರೆ." ಸರಿ ಅಂದೆ. ಲೆಕ್ಕ ಸರಿಯಾಗಿಯೇ ಇತ್ತು.

2 ಗಂಟೆ

ವಿಮಾನ ತಡ. ಮಂಗಳೂರಿನಿಂದ ಈಗಷ್ಟೇ ಹಾರಿದೆ. ಇಳಿಯುವಾಗ ಸಂಜೆ.

ರವೂಫ್‌ರ ಕೈ ಹಿಡಿದು ಬೇಡಿದೆ, ಎಲ್ಲರೆದುರು. ಅವರು ಒಳಗೆ ಹೋಗಿ ಮಾತಾಡಿ ಬಂದರು. ಗುಂಡಿ ಆಗಿದೆ, ಬನಿಯಾಸ್‌ನಲ್ಲಿ ಜನ ಸೇರಿದ್ದಾರೆ, ಟೈರ್ ಅಂಗಡಿ ಮುಚ್ಚಿ ಎಲ್ಲ ಬಂದಿದ್ದಾರೆ. ಆಗುವುದಿಲ್ಲವಂತೆ. ಹೇಳುವಾಗ ಅವರೇ ಅತ್ತರು. ಅತ್ತರೆ ನನಗೇನು? ಅಳುವವರೆಲ್ಲ ಸೇರಿ ಅವಳಿಂದ ಅವನನ್ನು ಕಿತ್ತುಕೊಂಡೆವು, ಒಂದೊಂದು ತುಂಡು ಒಬ್ಬೊಬ್ಬರು. ದೊಡ್ಡ ತುಂಡು ನನ್ನದು.

ಕಫನ್ ಕಟ್ಟುವ ಮೊದಲು ನನಗೆ ಮುಖ ತೋರಿಸಿದರು. ಬಾಯಿ ಮುಚ್ಚಿ ಗಲ್ಲಕ್ಕೆ ಬಟ್ಟೆ ಬಿಗಿದಿದ್ದರು. ಯಾರೋ ಅಂದರು, ಉಮ್ಮನಿಗೆ ತೋರಿಸಲು ಒಂದು ಫೋಟೊ ತೆಗೆದುಕೋ ಅಂತ. ಫೋನ್ ಎತ್ತಲಿಲ್ಲ ನಾನು. ಹಣೆಗೆ ಮುತ್ತು ಕೊಟ್ಟೆ. ಗಂಡಸರು ಹೊತ್ತುಕೊಂಡು ಹೋದರು. ಹೆಂಗಸರು ಕಬರಸ್ತಾನಕ್ಕೆ ಹೋಗುವಂತಿಲ್ಲ.

ಸಂಜೆ, ಏರ್‌ಪೋರ್ಟ್

ಸ್ಟೇಸಿ ಕಾರಿನಲ್ಲಿ ಕರೆದುಕೊಂಡು ಬಂದಳು. ಪಾರ್ಕಿಂಗಿನಲ್ಲಿ ಕಾಯುತ್ತಿದ್ದಾಳೆ. ನಾನು ಅರೈವಲ್ಸ್ ಬೇಲಿಯ ಹತ್ತಿರ. ಕೈಗೆ ಏನಾದರೂ ಬೇಕು, ಬರೆಯುತ್ತಿದ್ದೇನೆ.

ರವೂಫ್‌ರ ಮೆಸೇಜು ಬಂತು. 'ಖಲಾಸ್. ಎಲ್ಲ ಸರಿಯಾಗಿ ಆಯಿತು. ತುಂಬ ಜನ ಇದ್ದರು. ಉಮ್ಮನಿಗೆ ಅಲ್ಲಿ ಹೇಳಬೇಡ. ಕಾರಿನಲ್ಲಿಯೂ ಬೇಡ. ಮನೆಗೆ ಬಂದು ನೀರು ಕುಡಿಸಿ ಆಮೇಲೆ. ಈಗ ಸೀರಿಯಸ್ ಅಂತ ಮಾತ್ರ.'

ಉಪ್ಪ ತೀರಿದಾಗ ನನಗೆ ಹಾಗೇ ಮಾಡಿದ್ದರು. ಸೀರಿಯಸ್, ಬೇಗ ಬಾ. ಬಜ್ಪೆಯಿಂದ ಫರಂಗಿಪೇಟೆಯವರೆಗೆ ಕಾರಿನಲ್ಲಿ ನಾನು ಯಾವ ಡಾಕ್ಟರು, ಯಾವ ಆಸ್ಪತ್ರೆ ಎಂದೆಲ್ಲ ಕೇಳುತ್ತಲೇ ಇದ್ದೆ. ಡ್ರೈವರ್‌ಗೂ ಗೊತ್ತಿತ್ತು, ನನಗೊಬ್ಬಳಿಗೇ ಇಲ್ಲ. ಅಂಗಳದಲ್ಲಿ ಬಾಡಿಗೆ ಕುರ್ಚಿ ಕಂಡ ಮೇಲೆ ಗೊತ್ತಾಯಿತು. ಆ ದಾರಿಯುದ್ದಕ್ಕೂ ನಾನು ಮಾಡಿದ ದುಆಗಳ ನೆನಪು ಬಂದರೆ ಈಗಲೂ ನಾಚಿಕೆಯಾಗುತ್ತದೆ.

ಬೋರ್ಡಿನಲ್ಲಿ 'ಲ್ಯಾಂಡೆಡ್' ಬಂತು. ಮಂಗಳೂರಿನವರು ಬರತೊಡಗಿದ್ದಾರೆ. ಮಗುವನ್ನು ಎತ್ತಿಕೊಂಡ ಹುಡುಗಿ. ಹಲಸಿನ ಹಪ್ಪಳದ ಕಟ್ಟು ಹೊತ್ತ ಗಂಡಸು. ಎಲ್ಲರೂ ನಗುತ್ತಿದ್ದಾರೆ.

ಉಮ್ಮ. ವೀಲ್‌ಚೇರಿನಲ್ಲಿ. ಏರ್‌ಪೋರ್ಟಿನ ಹುಡುಗಿ ತಳ್ಳಿಕೊಂಡು ಬರುತ್ತಿದ್ದಾಳೆ. ಕಪ್ಪು ಬುರ್ಖಾ, ಮಡಿಲಲ್ಲಿ ಊಟ ಒಯ್ಯುವ ಸ್ಟೀಲಿನ ತೂಕುಪಾತ್ರೆ, ಎರಡೂ ಕೈಯಿಂದ ಹಿಡಿದುಕೊಂಡಿದ್ದಾಳೆ. ಬಾಗಿಲಾಚೆಯಿಂದಲೇ ಹುಡುಕುತ್ತಿದ್ದಾಳೆ, ಒಬ್ಬೊಬ್ಬರ ಮುಖ. ನನ್ನದು ಇನ್ನೂ ಸಿಕ್ಕಿಲ್ಲ.

ಕಾರಿನಲ್ಲಿ ಅಲ್ಲ. ಮನೆಯಲ್ಲಿ ಅಲ್ಲ. ನೀರು ಕುಡಿಸಿ ಅಲ್ಲ. ಅವಳು ಸಲಾಂ ಹೇಳುವ ಮೊದಲೇ, ಅವಳ ಕಣ್ಣು ನೋಡಿಕೊಂಡೇ, ಮೊದಲ ಮಾತೇ ಇದು — ಉಮ್ಮ, ಜಂಶೀರ್ —